ಮಲೆನಾಡಿನ ಶಾಸನಪಾಠ ಮತ್ತು ಸಂವೇದಕದ ದೋಷ

ಸಾಗರ, ನಗರ (ಇಂದಿನ ಹೊಸನಗರ) ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳನ್ನು ಬಿ.ಎಲ್. ರೈಸ್ ಅವರು ಸೊರಬದವುಗಳೊಡನೆ 1904ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಎಂಟನೆಯ ಸಂಪುಟವಾಗಿ ಪ್ರಕಟಿಸಿದರು. ಒದ್ದೆ ಕಾಗದವನ್ನು ಕಲ್ಲಿಗೊತ್ತಿ ಮಸಿ ಲೇಪಿಸಿ ತೆಗೆದ ಅಚ್ಚಿನಲ್ಲಿ ಕಲ್ಲಿನ ಒಡಕೂ ಅಕ್ಷರದ ಗೆರೆಯೂ ಒಂದೇ ಬಿಳುಪಾಗಿ ಮೂಡುತ್ತವೆ. ಬೇರ್ಪಡಿಸುವುದು ಓದುವವನ ವಿವೇಕಕ್ಕೆ ಸೇರಿದ್ದು. ಡಿಜಿಟಲ್ ಛಾಯಾಚಿತ್ರದಲ್ಲಾದರೋ ಕಲ್ಲಿನದಲ್ಲದ ದೋಷವೂ ಬಂದು ಸೇರುತ್ತದೆ. ಮಬ್ಬು ಬೆಳಕಿನಲ್ಲಿ ಸಂವೇದಕವೇ ಹುಟ್ಟಿಸುವ ಚುಕ್ಕಿಗಳು ಸವೆದ ಗೆರೆಯನ್ನು ನುಂಗುತ್ತವೆ.

ನರಜಾಲ ತಂತ್ರವು ಇದನ್ನು ತಿದ್ದಬಲ್ಲದು. ಶುದ್ಧ ಮಾದರಿಯಿಲ್ಲದೆ, ಒಂದೇ ದೃಶ್ಯದ ದೋಷಯುಕ್ತ ಚಿತ್ರಗಳ ಜೋಡಿಗಳಿಂದಲೇ ಜಾಲವು ಕಲಿಯಬಲ್ಲದೆಂದು 2018ರ ಸಂಶೋಧನೆಯೊಂದು ತೋರಿಸಿತು. ಕದಲದೆ ನಿಂತ ವೀರಗಲ್ಲಿಗೆ ಇದು ಒಪ್ಪುವ ಕ್ರಮ. ಆದರೆ ಅನ್ಯ ಚಿತ್ರಗಳಿಂದ ಕಲಿತ ಜಾಲವು ಅಳಿದ ಅಕ್ಷರದೆಡೆಯಲ್ಲಿ ತನ್ನ ಊಹೆಯನ್ನೇ ಬರೆದೀತು. ಮಡಿದ ವೀರನ ಹೆಸರು ಆ ಕಲ್ಲನ್ನು ಬಿಟ್ಟು ಬೇರೆಲ್ಲೂ ಉಳಿದಿರದಿದ್ದಲ್ಲಿ ಅಂಥ ಪಾಠವನ್ನು ಮೂಲಚಿತ್ರದೊಡನೆ ತಾಳೆನೋಡದೆ ಸಂಪುಟಕ್ಕೆ ಸೇರಿಸಲಾಗದು.