ಬರ ಕಂಡ ಸೀಮೆಯ ಹೊಟ್ಟೆ

ಹಗೇವು ನೋಡಿದವರು ಈಗ ನಮ್ಮ ಕಡೆ ಅಪರೂಪ. ನಾನು ಹುಡುಗಿಯಾಗಿದ್ದಾಗ ಚಾಮರಾಜನಗರದ ಹತ್ತಿರದ ನನ್ನ ತವರೂರಿನಲ್ಲಿ ಒಂದೆರಡು ಉಳಿದಿದ್ದವು. ನೆಲದಲ್ಲಿ ಆಳವಾಗಿ ತೋಡಿದ ಗುಂಡಿ. ಒಬ್ಬ ಆಳು ಇಳಿಯುವಷ್ಟೇ ಬಾಯಿ, ಒಳಕ್ಕೆ ಹೋದಂತೆ ಅಗಲ. ಸುತ್ತ ಹುಲ್ಲು ಕೊಟ್ಟು ರಾಗಿ ಸುರಿದು, ಮೇಲೆ ಚಪ್ಪಡಿ ಎಳೆದು ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಚಿಂತೆಯಿಲ್ಲ. ತೆರೆದ ಕೂಡಲೇ ಯಾರೂ ಇಳಿಯುವಂತಿರಲಿಲ್ಲ. ಕೆಟ್ಟ ಗಾಳಿ ಹೊರಗೆ ಹೋಗಲೆಂದು ಕಾದು, ಹಗ್ಗ ಕಟ್ಟಿದ ದೀಪ ಇಳಿಬಿಟ್ಟು, ಅದು ಆರದೆ ಉರಿದರೆ ಆಮೇಲೆ ಆಳು ಇಳಿಯುತ್ತಿದ್ದ. ನೀಲಗಿರಿ, ವಯನಾಡಿನ ಬೆಟ್ಟಗಳು ಮುಂಗಾರನ್ನು ತಡೆದು ಮಿಕ್ಕಿದ್ದನ್ನು ಕೊಡುವ ಸೀಮೆ ಇದು. ಬೆಳೆದ ವರ್ಷ ಮುಚ್ಚಿಡು, ಒಣಗಿದ ವರ್ಷ ತೆಗೆ: ಇಲ್ಲಿನ ಬೇಸಾಯವೆಂದರೆ ಇದೇ ಆಗಿತ್ತು.

ಆದರೂ ಹಗೇವುಗಳೆಲ್ಲ ಬರಿದಾದ ಕಾಲವೊಂದು ಬಂತು. ಅದೇ 1876ರಿಂದ 78ರವರೆಗಿನ ಧಾತು-ಈಶ್ವರ ಸಂವತ್ಸರದ ಬರ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ ಸುಮಾರು 50 ಲಕ್ಷ, 1881ರಲ್ಲಿ ಸುಮಾರು 42 ಲಕ್ಷ. ಹತ್ತು ವರ್ಷದಲ್ಲಿ ಬೆಳೆಯಬೇಕಾದ ನಾಡು ಕುಗ್ಗಿತು. ನಮ್ಮ ನೆರೆಯ ಕೊಳ್ಳೇಗಾಲ ಆಗ ಮದ್ರಾಸ್ ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆ ಪ್ರಾಂತದಲ್ಲಿ ಖರ್ಚು ಹಿಡಿಯಲು ಬಂದ ಸರ್ ರಿಚರ್ಡ್ ಟೆಂಪಲ್, ಬರಗಾಲದ ಕಾಮಗಾರಿಯಲ್ಲಿ ಕಲ್ಲು ಮಣ್ಣು ಹೊರುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು, ಅಂದರೆ ಸುಮಾರು 450 ಗ್ರಾಂ ಕಾಳು, ಮೇಲೊಂದಿಷ್ಟು ಪುಡಿಗಾಸು ಸಾಕೆಂದು ಗೊತ್ತುಮಾಡಿದ. ಇದರಲ್ಲಿ ಮನುಷ್ಯ ದುಡಿದು ಬದುಕಲಾರ ಎಂದು ಮದ್ರಾಸಿನ ಆರೋಗ್ಯ ಕಮಿಷನರ್ ಡಾ. ಕಾರ್ನಿಷ್ ಬರೆದು ಬರೆದು ಜಗಳವಾಡಿದರು. ಒಬ್ಬ ಮನುಷ್ಯನಿಗೆ ಎಷ್ಟು ಊಟ ಸಾಕು ಎಂಬುದನ್ನು ಬೇರೆಯವರು ಕೂತು ಅಳೆಯುವ ಪದ್ಧತಿ ನಮ್ಮಲ್ಲಿ ಹೀಗೆ ನಡೆಯಿತು ಎಂದು ನಾನು ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡುವಾಗ ಮಕ್ಕಳಿಗೆ ಹೇಳುತ್ತಿದ್ದೆ. ಪಠ್ಯಪುಸ್ತಕದಲ್ಲಿ ಇದು ಇರಲಿಲ್ಲ.

ಬರ ದಾಟಿ ಬಂದ ಜನಕ್ಕೆ ತೆಳ್ಳಗಿರುವುದು ಚೆಂದ ಅನ್ನಿಸುವುದು ಹೇಗೆ? ಎದುರು ಸಿಕ್ಕವರನ್ನು ಈಗಲೂ ಮೊದಲು ಕೇಳುವುದು ‘ಉಂಡ್ಯವ್ವ?’ ಎಂದೇ. ಬಾಣಂತನ ಮುಗಿಸಿ ಹೊರಟವಳನ್ನು ‘ಮೈಕೈ ತುಂಬ್ಕಂಡವಳೆ’ ಎಂದು ನಾಲ್ಕು ಜನ ಅಂದರೆ ತವರಿಗೆ ಹೆಮ್ಮೆ. ನನ್ನ ಮೈಕೈಯಂತೂ ಕೊರತೆಯಿಲ್ಲದೆ ತುಂಬಿತು. ಗುಂಡ್ಲುಪೇಟೆಗೆ ಮದುವೆಯಾಗಿ ಬಂದು, ಕೆಲಸ, ಮಕ್ಕಳು, ಸಕ್ಕರೆ ಕಾಯಿಲೆ ಎಲ್ಲ ಆಗಿ, 112 ಕಿಲೊ ಮುಟ್ಟಿದಾಗ ಮೈಸೂರಿನಲ್ಲಿ ಆಪರೇಷನ್ ಮಾಡಿಸಿಕೊಂಡೆ. ಸ್ಲೀವ್ ಅನ್ನುತ್ತಾರೆ. ಜಠರದ ಮುಕ್ಕಾಲು ಪಾಲಿಗೂ ಹೆಚ್ಚನ್ನು ಕತ್ತರಿಸಿ ತೆಗೆದು, ಬಾಳೆಕಾಯಿಯಷ್ಟು ಕೊಳವೆ ಉಳಿಸುತ್ತಾರೆ. ತೂಕ 74ಕ್ಕೆ ಇಳಿಯಿತು. ಬಸ್ ಸ್ಟ್ಯಾಂಡಿನಲ್ಲಿ ಕಂಡವರು ‘ಏನ್ ಮೇಡಮ್ಮೋರೆ, ಸೊರಗೋದ್ರಲ್ಲ’ ಎಂದು ಮರುಗಿದರು. ಆಮೇಲೆ ಮೆಲ್ಲಗೆ ಏರತೊಡಗಿ ಈಗ 86. ಮೊದಲು ಮರುಗಿದವರೇ ಈಗ ‘ಅಷ್ಟು ದುಡ್ಡು ಸುರಿದೂ ಬಾಯಿ ಕಟ್ಟೋಕಾಗಲಿಲ್ವಾ’ ಅನ್ನುತ್ತಾರೆ.

ಬಾಯಿ ಕಟ್ಟುವ ಮಾತು ನನಗೆ ಸಿಟ್ಟು ತರಿಸಿತು. ಸಿಟ್ಟು ಬಂದರೆ ಹಳೆಯದನ್ನು ಕೆದಕುವುದು ನನ್ನ ಚಾಳಿ. ಈ ಆಪರೇಷನ್ನಿನ ಚರಿತ್ರೆ ಹುಡುಕಿದೆ. 1954ರಲ್ಲಿ ಅಮೆರಿಕದ ಮಿನೆಸೊಟ ವಿಶ್ವವಿದ್ಯಾಲಯದ ಕ್ರೆಮೆನ್, ಲಿನ್ನರ್ ಮತ್ತವರ ಜೊತೆಗಾರರು ಸಣ್ಣ ಕರುಳಿನ ಬಹುಭಾಗವನ್ನು ಬದಿಗಿಟ್ಟು ಜೋಡಿಸುವ ಬಗೆಯನ್ನು ಪ್ರಕಟಿಸಿದರು. ತೂಕ ಇಳಿಯಿತು, ಜೊತೆಗೆ ಎಷ್ಟೋ ಜನರ ಯಕೃತ್ತು, ಮೂತ್ರಪಿಂಡಗಳೂ ಕೆಟ್ಟವು; ಆ ದಾರಿ ಬಿಟ್ಟುಹೋಯಿತು. 1966ರಲ್ಲಿ ಅಯೋವದ ಎಡ್ವರ್ಡ್ ಮೇಸನ್ ಜಠರವನ್ನೇ ಕಿರಿದು ಮಾಡಿ ಕರುಳಿಗೆ ಜೋಡಿಸಿದರು, ಅದು ಬೈಪಾಸ್ ಆಯಿತು. ನನಗೆ ಆದ ಸ್ಲೀವ್ ಮೊದಲಿಗೆ ಒಂದು ಪೂರ್ಣ ಆಪರೇಷನ್ನೇ ಆಗಿರಲಿಲ್ಲ. ತೀರಾ ಭಾರವಿದ್ದವರಿಗೆ ಒಂದೇ ಸಲ ದೊಡ್ಡ ಕೊಯ್ತ ಅಪಾಯವೆಂದು, 2000ದ ಆಸುಪಾಸಿನಲ್ಲಿ, ಮೊದಲ ಕಂತಾಗಿ ಇದನ್ನು ಮಾಡುತ್ತಿದ್ದರು. ಕೆಲವರಿಗೆ ಮೊದಲ ಕಂತಿನಲ್ಲೇ ಸಾಕಷ್ಟು ಇಳಿದದ್ದರಿಂದ ಅದೇ ನಿಂತಿತು. ನನ್ನ ಹೊಟ್ಟೆಗೆ ಆಗಿರುವುದು ಅರ್ಧ ಆಪರೇಷನ್ ಎಂದು ನಮ್ಮೆಜಮಾನರಿಗೆ ಹೇಳಿದೆ. ‘ದುಡ್ಡು ಪೂರ್ತಿ ಕೊಟ್ಟಿದ್ದೀವಲ್ಲ’ ಅಂದರು.

ತೂಕ ಮರಳುವುದು ಹೊಸ ಸುದ್ದಿಯೂ ಅಲ್ಲ. ಸ್ವೀಡನ್ನಿನಲ್ಲಿ 1987ರಿಂದ ಆಪರೇಷನ್ ಆದವರನ್ನು ವರ್ಷವರ್ಷ ತೂಗಿ ಬರೆದಿಟ್ಟರು. 2007ರಲ್ಲಿ ಲೆಕ್ಕ ಹೊರಗೆ ಬಂತು. ಬೈಪಾಸ್ ಆದವರು ಮೊದಲ ಒಂದೆರಡು ವರ್ಷದಲ್ಲಿ ಸರಾಸರಿ ನೂರಕ್ಕೆ 32ರಷ್ಟು ತೂಕ ಇಳಿಸಿಕೊಂಡಿದ್ದರು, ಹತ್ತನೇ ವರ್ಷಕ್ಕೆ ಆ ಇಳಿಕೆ 25ಕ್ಕೆ ಬಂದು ನಿಂತಿತ್ತು. ಹೊಟ್ಟೆಗೆ ಪಟ್ಟಿ ಬಿಗಿಸಿಕೊಂಡವರದು 20ರಿಂದ 14ಕ್ಕೆ. ಸ್ಲೀವ್ ಆ ಲೆಕ್ಕದಲ್ಲಿರಲಿಲ್ಲ. ಆದರೂ ನನ್ನ ಲೆಕ್ಕ ಹಾಕಿದೆ: ಮೊದಲು 34, ಈಗ 23. ಸ್ವೀಡನ್ನಿನವರೆಲ್ಲ ಬಾಯಿಚಪಲದವರೇ ಎಂದು ಊರಿನವರನ್ನು ಕೇಳಬೇಕೆನಿಸಿತು.

ಕಾರಣ ಹುಡುಕುತ್ತ ಮತ್ತೆ ಮಿನೆಸೊಟಕ್ಕೇ ಬಂದೆ. ಅದೇ ವಿಶ್ವವಿದ್ಯಾಲಯದಲ್ಲಿ, ಕರುಳಿನ ಆಪರೇಷನ್ನಿಗೆ ಹತ್ತು ವರ್ಷ ಮೊದಲು, ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಯುವಕರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟಿದ್ದ. ಯುದ್ಧ ಮುಗಿದ ಮೇಲೆ ಯುರೋಪಿನ ಹಸಿದ ಜನಕ್ಕೆ ಹೇಗೆ ಉಣ್ಣಿಸಬೇಕೆಂದು ತಿಳಿಯಲು, ಒಪ್ಪಿ ಬಂದವರೇ ಅವರು. ಮೈಯ ಕಾಲುಭಾಗ ಕರಗಿತು, ಮೈಯ ಖರ್ಚೂ ಇಳಿಯಿತು. ಎಚ್ಚರದಲ್ಲಿ, ಕನಸಿನಲ್ಲಿ ಊಟದ್ದೇ ಧ್ಯಾನ. ಮತ್ತೆ ಬೇಕಾದಷ್ಟು ಕೊಟ್ಟಾಗ ಹಳೆಯ ತೂಕಕ್ಕೆ ಬಂದು ನಿಲ್ಲದೆ ಅದನ್ನು ದಾಟಿ ಕೊಬ್ಬು ಕೂಡಿತು. ಆರೋಗ್ಯವಂತ ತೆಳು ಹುಡುಗರ ಕಥೆ ಇದು. ಆದರೂ ನನ್ನ ಮೈಯೂ ಹೀಗೆ ಕೂಡಿಡುವ ಹಗೇವು ಅನ್ನಿಸಿತು. ಸರ್ಜನ್ನರು ಅದರ ಬಾಯಿ ಕಿರಿದು ಮಾಡಿದ್ದಾರೆ, ಒಳಗಿನ ಗುಂಡಿ ಹಾಗೇ ಇದೆ.

ನಮ್ಮ ಬರಕ್ಕೂ ಮೈ ಹೀಗೆ ಕೂಡಿಡುವುದಕ್ಕೂ ಗಂಟು ಹಾಕುವ ಆಸೆ ಯಾರಿಗಾದರೂ ಬರುತ್ತದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ ಬರೆದಿಟ್ಟ ದಫ್ತರಗಳಿದ್ದವು. ಆ ಮಕ್ಕಳನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದಾಗ, ಸಣ್ಣಗೆ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಹೆಚ್ಚು ಕಂಡಿತೆಂದು 1996ರಲ್ಲಿ ಪ್ರಕಟವಾಯಿತು. ನಮ್ಮ ಕೂಸುಗಳು ಹಗುರವಾಗಿ ಹುಟ್ಟಿದರೂ ಕೊಬ್ಬನ್ನು ಮಾತ್ರ ಉಳಿಸಿಕೊಂಡು ಬರುತ್ತವೆಂದು ಪುಣೆಯ ಡಾ. ಯಾಜ್ಞಿಕ್ ತೋರಿಸಿದರು. ಇಷ್ಟರಿಂದ ಧಾತು ಬರವೇ ನನ್ನ ಬೊಜ್ಜಿಗೆ ಕಾರಣ ಅನ್ನಲಾಗದು. ಚರಿತ್ರೆ ಓದಿದವಳಾಗಿ ಅಷ್ಟು ದೂರ ಜಿಗಿಯಲಾರೆ. ತಾಯಿಯ ಹೊಟ್ಟೆಯ ಹಸಿವು ಮಗುವಿನ ಮೈಯಲ್ಲಿ ಉಳಿಯುತ್ತದೆಂಬುದನ್ನು ಮಾತ್ರ ನಂಬುತ್ತೇನೆ.

ಇನ್ನು ಮುದ್ದೆಯ ವಿಷಯ. ಆಸ್ಪತ್ರೆಯ ಆಹಾರದ ಚೀಟಿಯಲ್ಲಿ ‘ಪ್ರತಿ ತುತ್ತನ್ನೂ ಚೆನ್ನಾಗಿ ಅಗಿಯಿರಿ’ ಎಂದಿತ್ತು. ಮುದ್ದೆಯನ್ನು ಅಗಿಯುವವರುಂಟೇ? ಉಪ್ಸಾರಿನಲ್ಲಿ ಹೊರಳಿಸಿ ನುಂಗುವುದು. ಮೆತ್ತಗಿನದು, ನೀರಾದದ್ದು ಕಿರಿದಾದ ಹೊಟ್ಟೆಯಲ್ಲೂ ಜಾರಿ ಹೋಗುತ್ತದೆ, ತುಂಬಿತೆನ್ನಿಸುವುದಿಲ್ಲ. ಸಕ್ಕರೆ ಹಾಕಿದ ಕಾಫಿ, ಅದರಲ್ಲಿ ಅದ್ದಿದ ಬಿಸ್ಕತ್ತು, ಪಾಯಸ ಎಲ್ಲ ಹೀಗೇ. ಮೇಲಾಗಿ ಊಟಿಗೂ ಕೇರಳಕ್ಕೂ ಹೋಗುವ ಹೆದ್ದಾರಿಗಳು ನಮ್ಮೂರಲ್ಲೇ ಕವಲೊಡೆಯುತ್ತವೆ, ಬೇಕರಿಗೇನು ಬರ? ನಾನೀಗ ಮುದ್ದೆ ಬಿಟ್ಟು ರಾಗಿ ರೊಟ್ಟಿಗೆ ಬಂದಿದ್ದೇನೆ, ಅದನ್ನು ಅಗಿಯದೆ ಗತ್ಯಂತರವಿಲ್ಲ. ಮೊದಲು ಹುರುಳಿಕಾಳು, ಅವರೆಕಾಳು, ಮೊಸರು. ಜಾಗ ಉಳಿದರೆ ರೊಟ್ಟಿ. ನೀರು ಊಟದ ಜೊತೆಗಿಲ್ಲ, ಅರ್ಧ ಗಂಟೆ ಬಿಟ್ಟು. ವಾರಕ್ಕೊಮ್ಮೆ ತೂಗಿ ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ. ವಿಟಮಿನ್ ಮಾತ್ರೆ ಜೀವನಪೂರ್ತಿ. 86 ಇಳಿದಿಲ್ಲ, ಏರಿಯೂ ಇಲ್ಲ. ಮಧ್ಯಾಹ್ನದ ಸಕ್ಕರೆ ಮಾತ್ರೆ ಮಾತ್ರ ತಪ್ಪಿದೆ. ನನಗೆ ಬೇಕಿದ್ದದ್ದು ಅದು.

ಹೊಸ ಇಂಜೆಕ್ಷನ್ನುಗಳ ಮಾತೂ ಬಂತು. 2025ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದ ಮೌಂಜಾರೊ, ವೆಗೋವಿಗಳು ಹಸಿವನ್ನೇ ತಗ್ಗಿಸುತ್ತವೆ. ವೆಗೋವಿ ನಿಲ್ಲಿಸಿದವರಿಗೆ ವರ್ಷದೊಳಗೆ ಇಳಿದದ್ದರಲ್ಲಿ ಮೂರನೇ ಎರಡು ಪಾಲು ಮರಳಿತೆಂದು ಒಂದು ಪರೀಕ್ಷೆ ಹೇಳಿದೆ. ಶುರು ಮಾಡಿದರೆ ಬಿಡುವಂತಿಲ್ಲ, ಪಿಂಚಣಿಯೂ ಅಷ್ಟಿಲ್ಲ. ಸದ್ಯಕ್ಕೆ ಬೇಡವೆಂದೆ.

ಮೊನ್ನೆ ಚಾಮರಾಜನಗರದಿಂದ ನನ್ನ ಹಳೆಯ ವಿದ್ಯಾರ್ಥಿನಿ ಗಂಡನ ಜೊತೆ ಬಂದಿದ್ದಳು. ಅವಳಿಗೂ ಆಪರೇಷನ್ ನಿಗದಿಯಾಗಿದೆಯಂತೆ. ‘ಮಿಸ್, ಆಮೇಲೆ ಮತ್ತೆ ದಪ್ಪ ಆಯ್ತರಂತೆ, ನಿಜವಾ?’ ಎಂದಳು. ಸ್ವಲ್ಪ ಆಗೇ ಆಗುತ್ತೀಯ ಅಂದೆ. ಐದನೇ ವರ್ಷ ನಿನ್ನನ್ನು ಯಾರು ನೋಡುತ್ತಾರೆ, ತೂಕ ಏರಿದರೆ ಹೊಟ್ಟೆ ಹಿಗ್ಗಿದೆಯೋ ಇಲ್ಲವೋ ಎಂದು ಪರೀಕ್ಷಿಸುತ್ತಾರೋ, ಎರಡನೇ ಆಪರೇಷನ್ ಯಾರಿಗೆ ಬೇಕಾಗುತ್ತದೆ, ಇದನ್ನೆಲ್ಲ ಈಗಲೇ ಕೇಳು ಎಂದು ಅವಳ ನೋಟ್‌ಬುಕ್ಕಿನಲ್ಲಿ ಬರೆಸಿದೆ. ದುಡ್ಡಿನ ಪ್ರಶ್ನೆಯನ್ನು ಅವಳ ಗಂಡ ತಾನಾಗಿಯೇ ಸೇರಿಸಿದ.