ಅಂಚೆಯಲ್ಲಿ ಬಂದ ಪಾಠಗಳು

ದೆಹಲಿ ವಿಶ್ವವಿದ್ಯಾನಿಲಯ 1962ರಲ್ಲಿ ಅಂಚೆ ಶಿಕ್ಷಣ ಶುರುಮಾಡಿತು, ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ. ಮೈಸೂರಿನ ಆ ಅಂಚೆ ಶಿಕ್ಷಣ ಸಂಸ್ಥೆಯೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಇಸವಿಗಳ ಲೆಕ್ಕ ಇಷ್ಟೇ. ಪಾಠ ತಿದ್ದುವುದನ್ನೇ ಕಸುಬು ಮಾಡಿಕೊಂಡಿದ್ದ ನನಗೆ ಆ ಪಾಠಗಳ ಹಿಂದಿನ ದುಡಿಮೆಯ ಮೇಲೇ ಕಣ್ಣು.

ತರಗತಿಯಲ್ಲಿ ಹುಡುಗರನ್ನು ಕಟ್ಟಿಹಾಕುತ್ತಿದ್ದ ಮೇಷ್ಟ್ರು ಅಂಚೆಯ ಪಾಠ ಬರೆಯಲು ಕೂತರೆ ಕಾಗದದ ಮೇಲೆ ತಡವರಿಸುತ್ತಿದ್ದರು. ‘ನಿನ್ನೆ ಹೇಳಿದಂತೆ’ ಎಂದು ಬರೆಯುತ್ತಿದ್ದರು. ಯಾವ ನಿನ್ನೆ? ಓದುವವನು ಪಾಳಿ ಮುಗಿಸಿ ಬಂದ ಕಂಡಕ್ಟರೋ, ಹಳ್ಳಿಶಾಲೆಯ ಮೇಷ್ಟ್ರೋ ಆಗಿರುತ್ತಿದ್ದ. ಅರ್ಥವಾಗದಿದ್ದರೆ ಕೈಯೆತ್ತಿ ಕೇಳಲು ಎದುರಿಗೆ ಯಾರೂ ಇಲ್ಲ. ಹಾಗಾಗಿ ಅವನಿಗೆ ಏಳುವ ಅನುಮಾನವನ್ನು ಮೊದಲೇ ಊಹಿಸಿ, ಉತ್ತರವನ್ನು ಪಾಠದೊಳಗೇ ಹೆಣೆಯಬೇಕಿತ್ತು. ಪಾಠದ ನಡುವೆ ‘ನಿಮ್ಮ ಪ್ರಗತಿ ಪರೀಕ್ಷಿಸಿಕೊಳ್ಳಿ’ ಎಂಬ ಪ್ರಶ್ನೆಗಳು ಬಂದದ್ದು ಅದಕ್ಕೇ. ಹೀಗೆ ಬರೆಯುವುದು ಪಾಂಡಿತ್ಯಕ್ಕಿಂತ ಕಷ್ಟದ ಕೆಲಸ ಎಂಬುದು ನನ್ನ ಹಠದ ಅಭಿಪ್ರಾಯ. ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾನಿಲಯ ಇದನ್ನು ಒಬ್ಬರ ತಲೆಗೆ ಕಟ್ಟದೆ, ವಿಷಯತಜ್ಞರು, ಸಂಪಾದಕರು, ಬಿಬಿಸಿ ನಿರ್ಮಾಪಕರನ್ನು ಒಂದೇ ತಂಡದಲ್ಲಿ ಕೂರಿಸಿತು.

ಬರೆದ ಪಾಠವನ್ನು ಮನೆ ಮುಟ್ಟಿಸುತ್ತಿದ್ದ ಬೆರಳಚ್ಚುಗಾರರು, ಸೈಕ್ಲೋಸ್ಟೈಲ್ ಯಂತ್ರ ತಿರುಗಿಸುವವರು, ರವಾನೆ ಗುಮಾಸ್ತರು ಯಾವ ಸಂಸ್ಥೆಯ ಚರಿತ್ರೆಯಲ್ಲೂ ಕಾಣಿಸುವುದು ಅಪರೂಪ. ವಿಳಾಸದಲ್ಲಿ ತಾಲ್ಲೂಕು ತಪ್ಪಿದರೆ ಪಾಠ ಪರೀಕ್ಷೆ ಮುಗಿದ ಮೇಲೆ ತಲುಪುತ್ತಿತ್ತು!

ಇನ್ನು ವಿದ್ಯಾರ್ಥಿಗಳು ಮನೆಯಲ್ಲಿ ಬರೆದು ಕಳಿಸಿದ ಉತ್ತರ ತಿದ್ದುವವರು. ಬರೀ ಅಂಕ ಹಾಕಿ ಕಳಿಸಿದರೆ ಸಾಲುತ್ತಿರಲಿಲ್ಲ. ಅಂಚಿನಲ್ಲಿ ಬರೆಯುತ್ತಿದ್ದ ನಾಲ್ಕು ಸಾಲೇ ಆ ವಿದ್ಯಾರ್ಥಿಗೆ ಸಿಗುತ್ತಿದ್ದ ಗುರುದರ್ಶನ. ಗುರುಗಳ ಮುಖ ನೋಡುವುದೇನಿದ್ದರೂ ರಜೆಯಲ್ಲಿ ನಡೆಯುತ್ತಿದ್ದ ಸಂಪರ್ಕ ತರಗತಿಗಳಲ್ಲಿ.