ಕೂರ್ಗ್ ಬ್ಯಾಂಬೂಟೇಲ್ ಮತ್ತು ನೀಲಿ ತಿಮಿಂಗಿಲ

ಕೂರ್ಗ್ ಬ್ಯಾಂಬೂಟೇಲ್ (ವೈಜ್ಞಾನಿಕ ನಾಮ: ಕಾಕೊನ್ಯೂರ ರಾಂಬುರಿ) ಪಶ್ಚಿಮ ಘಟ್ಟಗಳಿಗೆ ಮಾತ್ರ ಸೀಮಿತವಾದ ಒಂದು ಡ್ಯಾಮ್ಸೆಲ್‌ಫ್ಲೈ. ಜನರು ಏರೋಪ್ಲೇನ್ ಚಿಟ್ಟೆ ಎಂದು ಕರೆಯುವ ಡ್ರ್ಯಾಗನ್‌ಫ್ಲೈಗಳ ಹತ್ತಿರದ ಸಂಬಂಧಿಯಾದರೂ ಇದರ ದೇಹ ಸೂಜಿಯಂತೆ ತೆಳುವಾಗಿದ್ದು, ಕುಳಿತಾಗ ರೆಕ್ಕೆಗಳನ್ನು ಬೆನ್ನಿನ ಮೇಲೆ ಜೋಡಿಸಿಕೊಳ್ಳುತ್ತದೆ. ನೀಲಿ ತಿಮಿಂಗಿಲವು (ಬಾಲೆನಾಪ್ಟೆರ ಮಸ್ಕ್ಯುಲಸ್) ಇಂದು ಜೀವಿಸಿರುವ ಪ್ರಾಣಿಗಳಲ್ಲಿ ಅತಿ ದೊಡ್ಡದು. ಸುಮಾರು 30 ಮೀಟರ್ ಉದ್ದ ಮತ್ತು 150 ಟನ್ನಿಗೂ ಹೆಚ್ಚು ತೂಕಕ್ಕೆ ಬೆಳೆಯಬಲ್ಲದು. ಇವೆರಡರ ಹೋಲಿಕೆ ಮೊದಲ ನೋಟಕ್ಕೆ ವಿಚಿತ್ರವೆನಿಸಬಹುದು. ಆದರೆ ಜೀವಿಯ ಗಾತ್ರ, ಅದರ ಆವಾಸದ ವಿಸ್ತಾರ ಮತ್ತು ಅದಕ್ಕೆ ದೊರೆಯುವ ರಕ್ಷಣೆ ಇವುಗಳ ನಡುವಿನ ಸಂಬಂಧ ಇದರಿಂದ ಸ್ಪಷ್ಟವಾಗುತ್ತದೆ.

ಹೆಸರು

ಈ ಕೀಟವನ್ನು 1922ರಲ್ಲಿ ವಿವರಿಸಿದವರು ಎಫ್. ಸಿ. ಫ್ರೇಸರ್. ವೃತ್ತಿಯಿಂದ ವೈದ್ಯಾಧಿಕಾರಿಯಾಗಿದ್ದ ಅವರು ಭಾರತದ ಡ್ರ್ಯಾಗನ್‌ಫ್ಲೈಗಳ ಕುರಿತು 1933ರಿಂದ 1936ರವರೆಗೆ ಮೂರು ಸಂಪುಟಗಳನ್ನು ಪ್ರಕಟಿಸಿದರು. 'ರಾಂಬುರಿ' ಎಂಬುದು ಫ್ರೆಂಚ್ ಕೀಟವಿಜ್ಞಾನಿ ರಾಂಬುರ್ ಅವರ ಸ್ಮರಣಾರ್ಥ. ಕಪ್ಪು ಉದರದ ಮೇಲಿನ ತೆಳುಬಣ್ಣದ ಗುರುತುಗಳು ಬಿದಿರಿನ ಗಿಣ್ಣುಗಳನ್ನು ನೆನಪಿಸುವುದರಿಂದ ಈ ಗುಂಪಿಗೆ ಬ್ಯಾಂಬೂಟೇಲ್, ಅಂದರೆ ಬಿದಿರುಬಾಲ, ಎಂಬ ಹೆಸರಿದೆ. ತಿಮಿಂಗಿಲಕ್ಕೆ 1758ರಲ್ಲಿ ಲಿನೇಯಸ್ ಇಟ್ಟ 'ಮಸ್ಕ್ಯುಲಸ್' ಎಂಬ ಲ್ಯಾಟಿನ್ ಪದಕ್ಕೆ ಸ್ನಾಯು ಎಂಬಂತೆ ಪುಟ್ಟ ಇಲಿ ಎಂಬ ಅರ್ಥವೂ ಉಂಟು. ಪುಟ್ಟ ಕೀಟಕ್ಕೆ ಬಿದಿರಿನ ಹೆಸರು, ಬೃಹತ್ ಪ್ರಾಣಿಗೆ ಇಲಿಯ ಹೆಸರು!

ನೀರು ಮತ್ತು ಉಸಿರಾಟ

ತಿಮಿಂಗಿಲವು ಜೀವನವಿಡೀ ಕಡಲಿನಲ್ಲೇ ಇದ್ದರೂ ಶ್ವಾಸಕೋಶದಿಂದ ಉಸಿರಾಡುವ ಸಸ್ತನಿ. ಗಾಳಿಗಾಗಿ ಮೇಲಕ್ಕೆ ಬರಲೇಬೇಕು. ಡ್ಯಾಮ್ಸೆಲ್‌ಫ್ಲೈ ಇದಕ್ಕೆ ವಿರುದ್ಧ. ಹೆಣ್ಣು ನೀರಿನಂಚಿನ ಸಸ್ಯಗಳ ಒಳಗೆ ಮೊಟ್ಟೆಗಳನ್ನು ಸೇರಿಸುತ್ತದೆ. ಮರಿಹುಳು ನೀರಿನೊಳಗೇ ಬೆಳೆಯುತ್ತದೆ. ಬಾಲದ ತುದಿಯಲ್ಲಿರುವ ಎಲೆಯಾಕಾರದ ಮೂರು ಕಿವಿರುಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಹೀರಲು ನೆರವಾಗುತ್ತವೆ. ಪೊರೆ ಕಳಚಿ ರೆಕ್ಕೆ ಪಡೆದ ಮೇಲಷ್ಟೇ ಗಾಳಿಯ ಬದುಕು, ಅದೂ ಕೆಲವು ವಾರಗಳ ಕಾಲ. ತಿಮಿಂಗಿಲದ ಆಯುಸ್ಸು 80 ವರ್ಷಗಳನ್ನು ಮೀರಬಹುದು. ವಂಶದ ಹಿರಿತನ ಮಾತ್ರ ಕೀಟದ್ದೇ: ಡ್ರ್ಯಾಗನ್‌ಫ್ಲೈಗಳ ಪೂರ್ವಜರು ಸುಮಾರು 30 ಕೋಟಿ ವರ್ಷಗಳ ಹಿಂದೆಯೇ ಇದ್ದವು, ತಿಮಿಂಗಿಲಗಳ ಇತಿಹಾಸ ಸುಮಾರು 5 ಕೋಟಿ ವರ್ಷಗಳದು.

ಆವಾಸ ಮತ್ತು ರಕ್ಷಣೆ

ನೀಲಿ ತಿಮಿಂಗಿಲ ಅರಬ್ಬೀ ಸಮುದ್ರವೂ ಸೇರಿದಂತೆ ಬಹುತೇಕ ಎಲ್ಲ ಮಹಾಸಾಗರಗಳಲ್ಲಿ ಸಂಚರಿಸುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ 3 ಲಕ್ಷಕ್ಕೂ ಹೆಚ್ಚು ನೀಲಿ ತಿಮಿಂಗಿಲಗಳು ಬೇಟೆಗೆ ಬಲಿಯಾದವು. 1966ರಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗವು ಇದರ ಬೇಟೆಯನ್ನು ನಿಷೇಧಿಸಿತು. ಭಾರತದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಇದಕ್ಕೆ ಸ್ಥಾನವಿದೆ.

ಬ್ಯಾಂಬೂಟೇಲಿಗೆ ಸಾಗರಗಳಿಲ್ಲ. ಕೊಡಗು ಹಾಗೂ ಕೇರಳದ ಬೆಟ್ಟಗಳಲ್ಲಿ ಮರಗಳ ನೆರಳಿನಲ್ಲಿ ಹರಿಯುವ ತೊರೆಗಳೇ ಅದರ ಜಗತ್ತು. ಇದನ್ನು ಯಾರೂ ಬೇಟೆಯಾಡುವುದಿಲ್ಲವಾದ್ದರಿಂದ ಬೇಟೆಯ ನಿಷೇಧದಿಂದ ಇದಕ್ಕೆ ಪ್ರಯೋಜನವೂ ಇಲ್ಲ. ಇದರ ಉಳಿವು ತೊರೆಯ ಸ್ಥಿತಿಯನ್ನು ಅವಲಂಬಿಸಿದೆ: ದಡದ ಮರಗಳನ್ನು ಕಡಿದರೆ ನೀರು ಬಿಸಿಯಾಗುತ್ತದೆ, ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. ತೋಟಗಳಿಂದ ಹರಿದುಬರುವ ಕೀಟನಾಶಕವೂ ಭೂಕುಸಿತದ ಹೂಳೂ ಮರಿಹುಳುವಿರುವ ತಳಕ್ಕೇ ಸೇರುತ್ತವೆ. ಕೊಡಗಿನಲ್ಲಿ 2018ರ ಆಗಸ್ಟ್‌ನ ಭೂಕುಸಿತಗಳು ಅನೇಕ ತೊರೆಗಳನ್ನು ಮಣ್ಣಿನಿಂದ ತುಂಬಿದ್ದವು. ಹೀಗೆ ಬಿಸಿಲಿಗೆ ತೆರೆದುಕೊಂಡ ತೊರೆಗಳಲ್ಲಿ ಡ್ಯಾಮ್ಸೆಲ್‌ಫ್ಲೈಗಳು ಕಂಡರೂ, ಅವು ಹೆಚ್ಚಾಗಿ ಗದ್ದೆ ಮತ್ತು ಕೆರೆಗಳಲ್ಲಿ ಎಲ್ಲೆಡೆ ಸಿಗುವ ಸಾಮಾನ್ಯ ಜಾತಿಗಳಾಗಿರುತ್ತವೆ.